ಜಪಾನ್ ಮನೆ ನೋಡುವ ಬಯಕೆ

ಬಸುರಿ ಹೆಂಗಸು ಹುಣಸೆಕಾಯಿ ಬೇಕು ಎನ್ನುತ್ತಾಳೆ, ಮಾವಿನ ಮಿಡಿ ಬೇಕು ಎನ್ನುತ್ತಾಳೆ, ಯಾರೂ ಇಲ್ಲದಾಗ ಗೋಡೆಯ ಕೆಮ್ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅಜ್ಜಂಪುರದಲ್ಲಿ ಎಲ್ಲರಿಗೂ ಗೊತ್ತಿದ್ದ ಬಯಕೆಗಳು ಇವು. ನನ್ನ ಮೂರನೆಯ ಬಸುರಿನಲ್ಲಿ ಅತ್ತೆ ಎದುರಿಗೆ ಬಂದು ಕೂತು, "ಏನು ತಿನ್ನೋಕೆ ಆಸೆ ಆಗ್ತೈತೆ ಹೇಳು ಮಗಾ" ಎಂದು ಕೇಳಿದಾಗ ನಾನು ಮಾತ್ರ, "ತಿನ್ನೋಕೇನೂ ಬ್ಯಾಡ ಅತ್ತೆ, ಜಪಾನ್ ಮನೆ ನೋಡ್ಬೇಕು" ಎಂದುಬಿಟ್ಟೆ.

ಅತ್ತೆ, "ಅದನ್ನ ಹೆಂಗೆ ತಂದ್ಕೊಡ್ಲೇ ನಾನು?" ಎಂದರು.

ಜಪಾನ್ ಮನೆ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ತರೀಕೆರೆಯಿಂದ ಹೊರಟು ಲಿಂಗದಹಳ್ಳಿ ದಾಟಿ ಬೆಟ್ಟ ಏರುತ್ತ ಹೋದರೆ, ಮೂರು ಗುಡ್ಡಗಳ ನಡುವೆ ಒಂದು ಕೆರೆ ಇತ್ತು. ಅದರ ದಡದಲ್ಲಿ ಒಬ್ಬ ಇಂಜಿನಿಯರ್ ಸಾಹೇಬರು ಮನೆ ಕಟ್ಟಿಕೊಂಡಿದ್ದರು. ಅಲ್ಲಿಯ ಕೆಂಪು ಮಣ್ಣಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡಲು ಮಹಾರಾಜರ ಸರ್ಕಾರ ಅವರನ್ನು ಕಳಿಸಿತ್ತಂತೆ. ಅದಕ್ಕೂ ಮುಂಚೆ ಕೆಲಸ ಕಲಿತು ಬರಲೆಂದು ಹಡಗು ಹತ್ತಿ ಜಪಾನಿಗೆ ಹೋಗಿ ಎರಡು ವರ್ಷ ಇದ್ದು ಬಂದವರು. ಕಬ್ಬಿಣ ಎಷ್ಟು ಕಲಿತರೋ ನನಗೆ ಗೊತ್ತಿಲ್ಲ. ಬರುವಾಗ ಮಾತ್ರ ಪೆಟ್ಟಿಗೆಗಟ್ಟಲೆ ಚಿತ್ರ, ಬಟ್ಟಲು, ಗೊಂಬೆ ಹೊತ್ತುಕೊಂಡು ಬಂದರು. ಪಿಂಚಣಿ ಆದ ಮೇಲೆ ಮೈಸೂರಿಗೆ ಹಿಂತಿರುಗದೆ, ಆ ಕೆರೆಯ ಪಕ್ಕ ಜಪಾನಿನವರ ರೀತಿಯಲ್ಲೇ ಮನೆ ಕಟ್ಟಿಸಿ ತಂದದ್ದನ್ನೆಲ್ಲ ಜೋಡಿಸಿಟ್ಟರು. ಯಾರು ಬೇಕಾದರೂ ಬಂದು ನೋಡಬಹುದು, ಚಪ್ಪಲಿ ಹೊರಗೆ ಬಿಡಬೇಕು ಎಂದು ಬಾಗಿಲಿಗೆ ಹಲಗೆ ಹೊಡೆಸಿದರು. ನಮ್ಮ ಸೀಮೆಯ ಜನ ಎಲ್ಲ ನೋಡಬೇಕು, ಕಲಿಯಬೇಕು ಎಂಬುದು ಅವರ ಆಸೆ. ಬರುತ್ತಿದ್ದವರು ಸೌದೆಯವರು, ಜೇನು ಕೀಳುವವರು, ಬಾಯಾರಿ ನೀರು ಕೇಳಲು ಬಂದ ಕಾಡಿನ ಗಾರ್ಡು. ಅವರಿಗೇ ಸಾಹೇಬರು ಚಿತ್ರ ತೋರಿಸಿ ಕಳಿಸುತ್ತಿದ್ದರು.

ಆ ಮನೆಯ ಗುಮಾಸ್ತರು ನಮ್ಮವರು. ತರೀಕೆರೆಯಲ್ಲಿ ಲೋಯರ್ ಸೆಕೆಂಡರಿ ಪಾಸು ಮಾಡಿದ್ದರು, ಅಮಲ್ದಾರ್ ಕಚೇರಿಯಲ್ಲಿ ಕೂರಬಹುದಿತ್ತು. ಅದನ್ನು ಬಿಟ್ಟು ಬೆಟ್ಟಕ್ಕೆ ಹೋಗಿ ಸೇರಿಕೊಂಡಾಗ ಮಾವ, "ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ" ಎಂದು ಬೈದು ಸುಮ್ಮನಾದರು. ನಮ್ಮವರು ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವರು. ಊಟಕ್ಕೆ ಕೂತರೆ ಜಪಾನು, ಕೈ ತೊಳೆದರೆ ಜಪಾನು. ಒಂದು ಚಿತ್ರವನ್ನು ಇಪ್ಪತ್ತು ದಿನಕ್ಕಿಂತ ಹೆಚ್ಚು ಗೋಡೆಗೆ ತೂಗುಹಾಕಬಾರದಂತೆ, ಕಾಗದಕ್ಕೆ ಸುಸ್ತಾಗುತ್ತದಂತೆ, ಆಮೇಲೆ ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಇನ್ನೊಂದನ್ನು ತೆಗೆಯಬೇಕಂತೆ. ಮಳೆಗಾಲದಲ್ಲಂತೂ ಯಾವುದನ್ನೂ ಹೊರಗೇ ಇಡುವಂತಿಲ್ಲವಂತೆ. ಕಾಗದಕ್ಕೆ ಸುಸ್ತಾಗುವುದನ್ನು ಇಷ್ಟು ಕಂಡವರಿಗೆ ಹೆಂಡತಿಗೆ ಸುಸ್ತಾಗುವುದು ಯಾಕೆ ಕಾಣುವುದಿಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೆ ಆ ಮನೆಯ ಮಾತಾಡುವಾಗ ಅವರ ಮುಖ ನೋಡಲು ಚೆನ್ನಾಗಿರುತ್ತಿತ್ತು. ಅದನ್ನು ನೋಡಿ ನೋಡಿಯೇ ನನಗೂ ಆಸೆ ಹತ್ತಿತು.

ಬಯಕೆ ಎಂದ ಮೇಲೆ ತೀರಿಸದೆ ಇರುವಂತಿಲ್ಲ. ಬಸುರಿ ಕೇಳಿದ್ದು ಕೊಡದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎಂಬುದು ನಮ್ಮ ಕಡೆ ಹಾಲು ಬೆಳ್ಳಗಿದೆ ಎಂಬಷ್ಟೇ ನಿಜ. ಅತ್ತೆಯ ಕಷ್ಟ ಏನೆಂದರೆ, ಕಳಿಸದಿದ್ದರೆ ಕಿವಿಯ ಭಯ, ಕಳಿಸಿದರೆ ದಾರಿಯ ಭಯ. ಯಾಕೆಂದರೆ ಅದಕ್ಕೆ ಮುಂಚೆ ನನಗೆ ಎರಡು ಹೋಗಿದ್ದವು.

ಮೊದಲನೆಯದು ಮೂರು ತಿಂಗಳಿಗೇ ಹೋಯಿತು. ಅದನ್ನು ಹೇಗೋ ಮರೆತೆ. ಎರಡನೆಯದು ಏಳು ತುಂಬಿದ ಮೇಲೆ ಹೋಯಿತು. ಅದನ್ನು ಮರೆಯಲಿಲ್ಲ.

ಆವತ್ತು ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿದವಳು ನಾನೇ. ಅತ್ತೆ ನನಗೆ ಮದುವೆಯಾದ ಹೊಸದರಲ್ಲೇ ಹೇಳಿಕೊಟ್ಟಿದ್ದರು: ಎಳೆ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಕೂಡಬೇಕು, ಸಂದಿ ಬಿಟ್ಟರೆ ಮನೆಯಲ್ಲಿರುವುದು ಆ ಸಂದಿಯಿಂದಲೇ ಹೊರಗೆ ಹೋಗುತ್ತದೆ. ಒಂದು ಸಲ ನೂಲಿನಷ್ಟು ಸಂದಿ ಬಿಟ್ಟಿದ್ದಕ್ಕೆ ರೊಟ್ಟಿ ತಟ್ಟುತ್ತಿದ್ದವಳನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಕೂಡಿಸಿದ್ದರು. ಆ ದಿನ ಸೊಂಟ ನೋಯುತ್ತಿತ್ತು, ಬೇಗ ಬೇಗ ಹಾಕಿ ಒಳಗೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದುಹೋಯಿತು. ಸೂಲಗಿತ್ತಿ ಬಂದು ಹೋದ ಮೇಲೆ ನಡುಮನೆಯಲ್ಲಿ ಮಲಗಿದ್ದೆ. ತೆರೆದ ಬಾಗಿಲಿನಿಂದ ಅಂಗಳ ಕಾಣುತ್ತಿತ್ತು. ಅತ್ತೆ ರಂಗೋಲಿಯ ಹತ್ತಿರ ನಿಂತು ಕೆಳಗೆ ನೋಡುತ್ತಿದ್ದರು. ಆಮೇಲೆ ಬಗ್ಗಿ, ಒಂದು ಚಿಟಿಕೆ ಪುಡಿ ತೆಗೆದುಕೊಂಡು, ಹೊರಗಿನ ಸುತ್ತಿನಲ್ಲಿ ಒಂದು ಬೆರಳಗಲದ ಜಾಗಕ್ಕೆ ಎಳೆ ಎಳೆದರು. ಅತ್ತ ಇತ್ತ ನೋಡಿ, ಯಾರೂ ನೋಡಲಿಲ್ಲ ಎಂದುಕೊಂಡು ಒಳಗೆ ಬಂದರು.

ಅವರು ಆ ಮಾತನ್ನು ನನಗೆ ಹೇಳಲಿಲ್ಲ. ಬೀದಿಯವರಿಗೆ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಬೇರೆ ಅತ್ತೆಯಾಗಿದ್ದರೆ ನನ್ನನ್ನು ಕಡೂರಿನ ತವರಿಗೆ ಅಟ್ಟಲು ಅಷ್ಟೇ ಸಾಕಾಗಿತ್ತು. ಮಾರನೆಯ ದಿನದಿಂದ, "ನಿನ್ನ ಸೊಂಟಕ್ಕೆ ಬಗ್ಗೋದು ಆಗಲ್ಲ ಕಣೇ" ಎಂದು ರಂಗೋಲಿ ಬಟ್ಟಲನ್ನು ತಾವೇ ಇಟ್ಟುಕೊಂಡರು. ನಾನೂ ಕಂಡೆ ಎಂದು ಹೇಳಲಿಲ್ಲ. ಮೂರನೆಯದು ನಿಂತಾಗ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಸಂತೋಷಪಡಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಸೂಜಿಗೆ ದಾರವನ್ನೇ ಪೋಣಿಸುತ್ತಿರಲಿಲ್ಲ.

ಕಡೆಗೆ ಮಾವ, "ನಿಧಾನಕ್ಕೆ ಗಾಡಿ ಹೊಡೀತೀನಿ, ಹುಲ್ಲು ಹಾಸಿ ಕರ್ಕೊಂಡ್ ಹೋಗಾನ" ಎಂದು ತೀರ್ಮಾನ ಮಾಡಿದರು. ನನಗೆ ಆಗ ಆರನೇ ತಿಂಗಳು, ಮಾಘ ಮಾಸ, ಒಳ್ಳೆಯ ಬಿಸಿಲು. ಅತ್ತೆ ಗಾಡಿಗೆ ಒಂದಾಳೆತ್ತರ ಹುಲ್ಲು ತುಂಬಿಸಿ ಅದರ ಮೇಲೆ ಎರಡು ಕೌದಿ ಹಾಸಿ ನನ್ನನ್ನು ಮೊಟ್ಟೆಯ ಹಾಗೆ ಕೂರಿಸಿದರು. ಸೆರಗಿನ ತುದಿಗೆ ಬೇವಿನ ಸೊಪ್ಪು ಕಟ್ಟಿದರು. ಸೊಂಟದ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು ನನ್ನ ಕೆನ್ನೆಗೊಂದು, ಅಂಗಾಲಿಗೊಂದು ಬೊಟ್ಟು ಇಟ್ಟು, "ಕೆರೆ ಗಾಳಿ, ಬೆಟ್ಟದ ಗಾಳಿ, ಯಾವ್ದೂ ತಾಕ್ಬಾರ್ದು" ಎಂದರು. ಆ ಕಾಡಿಗೆ ಅವರೇ ಮಾಡುತ್ತಿದ್ದದ್ದು. ಹರಳೆಣ್ಣೆ ದೀಪದ ಮೇಲೆ ತಾಮ್ರದ ಬಟ್ಟಲು ಬೋರಲು ಹಾಕಿ, ಹತ್ತಿದ ಮಸಿಯನ್ನು ಕೆರೆದು ಬೆಣ್ಣೆಯಲ್ಲಿ ಕಲಸಿ ಡಬ್ಬಿಗೆ ತುಂಬುತ್ತಿದ್ದರು.

ಮಾವ ಎತ್ತುಗಳನ್ನು ಎಷ್ಟು ನಿಧಾನ ನಡೆಸಿದರೆಂದರೆ, ತರೀಕೆರೆ ಸಂತೆಗೆ ತಲೆಯ ಮೇಲೆ ಹೊರೆ ಹೊತ್ತು ಹೋಗುತ್ತಿದ್ದವರು ನಮ್ಮನ್ನು ಹಿಂದೆ ಹಾಕಿ, "ಎತ್ತಿಗೆ ಮೈ ಸರಿ ಇಲ್ವಾ ಗೌಡ್ರೇ?" ಎಂದು ಕೇಳಿಕೊಂಡು ಹೋದರು. ಅಮೃತಾಪುರದಲ್ಲಿ ಗಾಡಿ ನಿಲ್ಲಿಸಿ ದೇವಸ್ಥಾನಕ್ಕೆ ಹೋದೆವು. ಅತ್ತೆ ಈಶ್ವರನಿಗೆ ಕೈಮುಗಿದು, ಭಸ್ಮ ತಂದು ನನ್ನ ಹಣೆಗೂ ಹೊಟ್ಟೆಗೂ ಹಚ್ಚಿದರು. ಆ ಭಸ್ಮ ಉದುರುತ್ತದೆ ಎಂದು ಸಂಜೆವರೆಗೆ ನನ್ನನ್ನು ಪಕ್ಕಕ್ಕೆ ತಿರುಗಲೂ ಬಿಡಲಿಲ್ಲ. ತರೀಕೆರೆಯಲ್ಲಿ ನೆಂಟರ ಮನೆಯಲ್ಲಿ ಉಳಿದು, ಮಾರನೆಯ ದಿನ ಬುತ್ತಿ ಕಟ್ಟಿಕೊಂಡು ಬೆಟ್ಟದ ದಾರಿ ಹಿಡಿದೆವು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ತಿರುವು ದಾಟಿದಾಗ ಕೆರೆ ಕಂಡಿತು.

ನಮ್ಮೂರಿನ ಕೆರೆಯಲ್ಲಿ ಎಮ್ಮೆ ಇರುತ್ತದೆ, ಬಟ್ಟೆ ಒಗೆಯುವವರು ಇರುತ್ತಾರೆ. ಈ ಕೆರೆಯಲ್ಲಿ ಬೆಟ್ಟ ಬಿಟ್ಟರೆ ಏನೂ ಇರಲಿಲ್ಲ. ಮೂರು ಗುಡ್ಡಗಳೂ ತಲೆಕೆಳಗಾಗಿ ನೀರಿನಲ್ಲಿ ನಿಂತಿದ್ದವು. ದಡದಲ್ಲಿ ಗಿಡ್ಡ ಮಾಡಿನ, ಮರದ ಗೋಡೆಯ ಉದ್ದನೆಯ ಮನೆ. ನಮ್ಮವರು ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಿ ಅವರಿಗೆ ಎಷ್ಟು ಸಂಕೋಚವಾಯಿತೆಂದರೆ ನೇರ ಹೋಗಿ ಎತ್ತಿನ ಕೊರಳು ಸವರಿದರು. ಮಾವ, "ನಾನು ಗಾಡಿ ಹತ್ರ ಇರ್ತೀನಿ, ಎತ್ತು ನೀರಿಗೆ ಇಳಿದ್ರೆ ನಿಮ್ ಸಾಹೇಬ್ರು ಬೈದಾರು" ಎಂದು ಹೊರಗೇ ಉಳಿದರು.

ಚಪ್ಪಲಿ ಬಿಟ್ಟು ಒಳಗೆ ಬರಬೇಕು ಎಂದಾಗ ಅತ್ತೆ ತಲೆಯಾಡಿಸಿದರು. "ಮಾನ ಮರ್ಯಾದೆ ಗೊತ್ತಿರೋ ಜನ" ಎಂದರು. ಒಳಗೆ ಕುರ್ಚಿ ಇಲ್ಲ, ಬರೀ ಚಾಪೆ. ಅವರಿಗೆ ಇನ್ನೂ ಹಿಡಿಸಿತು. ಅಲ್ಲಿ ಚಿತ್ರಗಳನ್ನು ನಿಂತು ನೋಡುವ ಎತ್ತರಕ್ಕೆ ಕಟ್ಟಿರಲಿಲ್ಲ, ನೆಲದ ಮೇಲೆ ಕೂತವರ ಕಣ್ಣಿಗೆ ಸರಿಯಾಗಿ ಕಟ್ಟಿದ್ದರು. ಬೂಟು ಹಾಕಿಕೊಂಡು ಬಂದ ದೊಡ್ಡ ಅಧಿಕಾರಿಗಳು ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಂಡು ಹೋಗುತ್ತಿದ್ದರಂತೆ. ಅತ್ತೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದರ ಮುಂದೂ ಜರುಗಿ ಜರುಗಿ ನೋಡಿದರು.

ಮೆಚ್ಚಿದರು ಎಂದೇನೂ ಅಲ್ಲ. ಸೊಟ್ಟ ಬಟ್ಟಲುಗಳನ್ನು ನೋಡಿ, "ನಮ್ ಕುಂಬಾರನಿಗೆ ಹೇಳಿದ್ರೆ ಇದಕ್ಕಿಂತ ದುಂಡಗೆ ಮಾಡ್ಕೊಡ್ತಿದ್ದ" ಎಂದರು. ಒಂದು ಉದ್ದನೆಯ ಕಾಗದದ ಮೂಲೆಯಲ್ಲಿ ಒಂದೇ ಒಂದು ಹಕ್ಕಿ ಕೂತಿತ್ತು, ಉಳಿದದ್ದೆಲ್ಲ ಖಾಲಿ. "ಬಣ್ಣ ಮುಗಿದೋಗಿತ್ತೇನೋ ಪಾಪ" ಎಂದರು. ನಮ್ಮವರು ಹಣೆ ಉಜ್ಜಿಕೊಳ್ಳುತ್ತಾ, "ಹಂಗಲ್ಲ ಕಣವ್ವಾ, ಬಿಟ್ಟಿರೋ ಜಾಗಾನೂ ಚಿತ್ರಾನೇ" ಎಂದು ಬಿಡಿಸಿ ಹೇಳಲು ನೋಡಿದರು. "ಹಂಗಾದ್ರೆ ನಮ್ಮನೆ ಗೋಡೆ ತುಂಬಾ ಚಿತ್ರಾನೇ ಐತೆ ಬಿಡಪ್ಪಾ" ಎಂದರು ಅತ್ತೆ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನನಗೆ ಮಾತ್ರ ಆ ಹಕ್ಕಿ ಬಹಳ ಹಿಡಿಸಿತು. ಮಂಜಿನಲ್ಲಿ ಕೂತ ಹಾಗಿತ್ತು. ಕಿಟಕಿಯ ಹೊರಗೆ ಕೆರೆಯ ಮೇಲಿನ ಬಿಸಿಲಿಗೂ ಅದೇ ಬಿಳುಪು.

ಕೊನೆಯ ಕೋಣೆ ಕೆರೆಯ ಕಡೆಗಿತ್ತು. ಅಲ್ಲಿ ಒಂದೇ ಚಿತ್ರ. ದೊಡ್ಡ ಬಿಳಿ ಕಾಗದದ ನಡುವೆ, ದಪ್ಪ ಕುಂಚದಲ್ಲಿ ಎಳೆದ ಒಂದು ಕಪ್ಪು ಸುತ್ತು. ಬೇರೆ ಏನೂ ಇಲ್ಲ. ಆ ಸುತ್ತು ಕೆಳಗಿನಿಂದ ಹೊರಟು, ಮೇಲೇರಿ, ಇಳಿದು ಬಂದು, ಕೂಡುವ ಜಾಗಕ್ಕೆ ಒಂದು ಬೆರಳಗಲ ಮುಂಚೆ ನಿಂತುಬಿಟ್ಟಿತ್ತು.

ಚಾಪೆಯ ಮೇಲೆ ಕೂತುಬಿಟ್ಟೆ. ಒಂದು ಬೆರಳಗಲ. ಅಷ್ಟೇ ಇತ್ತು ಆವತ್ತೂ. ಅತ್ತೆಯ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಆ ಸಂದಿಯನ್ನೇ ನೋಡುತ್ತಿದ್ದರು. ನಮ್ಮವರಿಗೆ ಇದೊಂದೂ ಗೊತ್ತಿಲ್ಲ, "ಸುಸ್ತಾಯ್ತೇನೋ, ನೀರು ತತ್ತೀನಿ, ಸಾಹೇಬ್ರನ್ನೂ ಕರ್ಕೊಂಡ್ ಬತ್ತೀನಿ" ಎಂದು ಹೊರಗೆ ಹೋದರು.

ಅವರ ಹೆಜ್ಜೆ ಸದ್ದು ದೂರವಾದ ಮೇಲೆ ಅತ್ತೆ ಎದ್ದರು. ಸೊಂಟದ ಚೀಲಕ್ಕೆ ಕೈ ಹಾಕಿದರು. ನಾನು ಬೇಡ ಎನ್ನಬೇಕಾಗಿತ್ತು. ಆ ಕಾಗದ ಗಂಡನಿಗೆ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು, ಅವರ ಕೆಲಸ ಅದರ ಮೇಲೆ ನಿಂತಿದೆ ಎಂದೂ ಗೊತ್ತಿತ್ತು. ಅತ್ತೆ, "ಕೆಳಗೆ ಹಿಡ್ಕೊಳೇ, ಅಲ್ಲಾಡ್ತೈತೆ" ಎಂದರು. ನಾನು ಎದ್ದು ಹೋಗಿ ಕಾಗದದ ಕೆಳಗಿನ ಮರದ ಕೋಲನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಅತ್ತೆ ಉಂಗುರದ ಬೆರಳಿಗೆ ಕಾಡಿಗೆ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಆ ಒಂದು ಬೆರಳಗಲವನ್ನು ಕೂಡಿಸಿದರು. ನಲವತ್ತು ವರ್ಷ ರಂಗೋಲಿ ಹಾಕಿದ ಕೈ.

"ಆಯ್ತು" ಎಂದು ಬೆರಳನ್ನು ತಮ್ಮ ತಲೆಗೂದಲಿಗೆ ಒರೆಸಿಕೊಂಡರು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಭಯ ಬಂದದ್ದು ಆಮೇಲೆ.

ಸಾಹೇಬರು ಬಂದರು. ತೆಳ್ಳಗೆ, ಬೋಳುತಲೆ, ಬೆಳ್ಳಿ ಕಟ್ಟಿನ ಕನ್ನಡಕ, ಬೆರಳ ತುದಿಯಲ್ಲಿ ನಶ್ಯದ ಕಂದು ಕಲೆ. "ಬನ್ನಿ ಬನ್ನಿ, ಅಜ್ಜಂಪುರದಿಂದ ಚಿತ್ರ ನೋಡೋಕೆ ಬಂದಿದೀರಂತೆ, ನನಗೆ ಬಹಳ..." ಎನ್ನುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ಚಿತ್ರದ ಹತ್ತಿರ ಹೋದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬೆಣ್ಣೆಯ ಪಸೆ ಕಾಗದದಲ್ಲಿ ಆಗಲೇ ಹರಡತೊಡಗಿತ್ತು. ನಮ್ಮವರ ಕೈಯಿಂದ ನೀರಿನ ಚೊಂಬು ಬಿತ್ತು.

"ಯಾರು ಮಾಡಿದ್ದು?" ಎಂದರು ಸಾಹೇಬರು. ಕೂಗಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ನಾನು ಸ್ವಾಮಿ, ನಂದೇ ತಪ್ಪು" ಎಂದರು ನಮ್ಮವರು.

"ಅವನ್ಯಾಕೆ ಮಾಡ್ತಾನೆ? ಅವನಿಗೆ ಒಂದು ಎಳೆ ಎಳೆಯೋಕ್ ಬರಲ್ಲ" ಎಂದು ಅತ್ತೆ ಮುಂದೆ ಬಂದರು. "ಮಾಡಿದ್ದು ನಾನು ಕಣ್ರೀ ಸ್ವಾಮಿ. ಅದ್ರಲ್ಲಿ ಕದ್ದು ಮುಚ್ಚೋದೇನೈತೆ. ಎಳೆ ಕೂಡಿರಲಿಲ್ಲ, ಕೂಡಿಸ್ದೆ."

"ಕೂಡಬಾರದು ಅಂತಲೇ ಬಿಟ್ಟಿದ್ದಮ್ಮಾ ಅದು!" ಈಗ ಅವರ ದನಿ ಏರಿತು. "ಅದನ್ನ ಬರೆದವರು ಒಬ್ಬ ಮುದುಕ ಸನ್ಯಾಸಿ, ಮಠದ ಸ್ವಾಮಿಗಳು. ನನ್ನ ಕಣ್ಣೆದುರಿಗೇ, ಒಂದೇ ಉಸಿರಿಗೆ ಬರೆದುಕೊಟ್ಟರು. ಯಾಕೆ ಸಂದಿ ಬಿಟ್ಟಿರಿ ಅಂತ ನಾನೂ ಕೇಳಿದ್ದೆ. ಅದು ಬಾಗಿಲು, ಒಳಗೆ ಬರೋದಕ್ಕೆ, ಹೊರಗೆ ಹೋಗೋದಕ್ಕೆ ದಾರಿ ಅಂದರು."

ಮಠದ ಸ್ವಾಮಿಗಳು ಎಂದದ್ದಕ್ಕೆ ಅತ್ತೆ ಸ್ವಲ್ಪ ಅಳುಕಿದರು. ಚಿತ್ರಕ್ಕೆ ಕೈಮುಗಿದರು. ಆದರೆ ಬಿಟ್ಟುಕೊಡಲಿಲ್ಲ.

"ನೀವೇ ಅಂದ್ರಲ್ಲ ಸ್ವಾಮಿ, ಹೊರಕ್ ಹೋಗೋಕೂ ದಾರಿ ಅಂತ. ಅದಕ್ಕೇ ಮುಚ್ಚಿದ್ದು. ನಮ್ಮನೇಲಿ ಎರಡು ಹೊಂಟೋದ್ವು. ಇದು ಮೂರನೇದು."

ಸಾಹೇಬರು ಆಗ ಮೊದಲ ಸಲ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಹೊರಗೆ ಮಾವ ಎತ್ತುಗಳನ್ನು ಗದರುವುದು ಕೇಳುತ್ತಿತ್ತು.

"ಯಾವ ಮಸಿ ಇದು?" ಎಂದರು ಸಾಹೇಬರು.

"ಕಾಡಿಗೆ. ಹರಳೆಣ್ಣೆ ದೀಪದ್ದು, ಮನೇಲೇ ಮಾಡಿದ್ದು."

ಅತ್ತೆ ಡಬ್ಬಿ ಕೊಟ್ಟರು. ಸಾಹೇಬರು ಅದನ್ನು ಮೂಸಿದರು, ಬೆಳಕಿಗೆ ಹಿಡಿದು ನೋಡಿದರು. ಜಪಾನಿನವರೂ ಎಣ್ಣೆ ದೀಪದ ಮಸಿಯಿಂದಲೇ ಬರೆಯುವ ಕಪ್ಪು ಮಾಡುವುದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರು ಅಂಟಿನಲ್ಲಿ ಕಲಸುತ್ತಾರೆ, ಬೆಣ್ಣೆಯಲ್ಲಿ ಅಲ್ಲ, ಅಂಟು ಹಾಕಿದ್ದರೆ ಹೀಗೆ ಹರಡುತ್ತಿರಲಿಲ್ಲ ಎಂದೂ ಹೇಳಿದರು. ಆಮೇಲೆ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟು, ನಮ್ಮವರಿಗೆ, "ಊಟ ಮಾಡಿಸಿ ಕಳಿಸು" ಎಂದಷ್ಟೇ ಹೇಳಿ ಹೊರಗೆ ಹೊರಟುಹೋದರು.

ಊಟ ಯಾರಿಗೆ ಸೇರುತ್ತದೆ? ಗಾಡಿ ಹತ್ತಿಸುವಾಗ ನಮ್ಮವರು ಸಣ್ಣ ದನಿಯಲ್ಲಿ, "ಕೆಲಸ ಹೋಯ್ತು ಅಂತಲೇ ಇಟ್ಕೋ" ಎಂದರು. ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು, ರೇಗಲಿಲ್ಲ. ಲಿಂಗದಹಳ್ಳಿ ದಾಟಿದ ಮೇಲೆ ಅತ್ತೆ, "ಕೆಲಸ ಹೋದ್ರೆ ಹೋಗ್ಲಿ, ಹೊಲ ಐತೆ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಆದ್ರೂ ಅವನು ಆ ಮನೆ ಬಿಟ್ಟು ಇರಾಕಿಲ್ಲ ಕಣೇ" ಎಂದು ಕಣ್ಣು ಒರೆಸಿಕೊಂಡರು. ಮಗು ಉಳಿಯಲಿ ಎಂದು ಮಗನ ಜೀವಕ್ಕೇ ಕೈಹಾಕಿದೆನೇನೋ ಎಂಬ ಸಂಕಟ ಅವರಿಗೆ.

ಹದಿನೈದು ದಿನ ಕಾದೆವು. ನಮ್ಮವರು ಬಂದರು. ಪೆಟ್ಟಿಗೆ ಹಾಸಿಗೆ ಜೊತೆಯಲ್ಲಿವೆಯೇ ಎಂದು ನಾನು ಮೊದಲು ನೋಡಿದೆ. ಇರಲಿಲ್ಲ. ಕೈಕಾಲು ತೊಳೆದು ಕೂತು ಹೇಳಿದರು. ನಾವು ಹೊರಟ ಮೇಲೆ ಸಾಹೇಬರು ಎರಡು ದಿನ ಇವರ ಜೊತೆ ಮಾತಾಡಲಿಲ್ಲವಂತೆ. ಮೂರನೆಯ ದಿನ ಆ ಚಿತ್ರದ ಇಪ್ಪತ್ತು ದಿನ ಮುಗಿಯಿತು. ಇವರು ಸುರುಳಿ ಸುತ್ತಲು ಹೋಗಿ ಇನ್ನೇನು ಕೋಲಿಗೆ ಕೈ ಹಾಕಬೇಕು, ಹಿಂದಿನಿಂದ ಸಾಹೇಬರು, "ಬೇಡ" ಎಂದರಂತೆ.

"ಯಾಕೆ ಸ್ವಾಮಿ ಅಂದೆ. 'ಆ ಮಗು ಹುಟ್ಟೋವರೆಗೆ ಇಳಿಸಬೇಡ' ಅಂದ್ರು" ಎಂದು ನಮ್ಮವರು ಅತ್ತೆಯ ಮುಖ ನೋಡಿದರು.

ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ದೇವರ ಮುಂದೆ ಕೂತು ಅಳುತ್ತಿದ್ದರು.

ಜ್ಯೇಷ್ಠದ ಮಳೆ ಹಿಡಿದ ವಾರದಲ್ಲಿ ನನಗೆ ನೋವು ಬಂತು. ತವರಿಗೆ ಕಳಿಸಲು ಅತ್ತೆ ಒಪ್ಪಿರಲಿಲ್ಲ. ಹೆಣ್ಣು ಮಗು ಹುಟ್ಟಿತು. ಊರೆಲ್ಲ ಕೇಳುವ ಹಾಗೆ ಅತ್ತಿತು. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ಕಿವಿ. ಎರಡೂ ಕಿವಿಯನ್ನು ಬೆಳಕಿಗೆ ತಿರುಗಿಸಿ ನೋಡಿ, "ಒಣಗೈತೆ" ಎಂದರು. ಮಾವ ಅವತ್ತೇ ಕಾರ್ಡು ಹಾಕಿದರು. ಕಾರ್ಡು ತಲುಪಿದ ದಿನ ಸಾಹೇಬರೇ ಮಣೆ ಹತ್ತಿ ಆ ಚಿತ್ರ ಇಳಿಸಿ ಸುರುಳಿ ಸುತ್ತಿದರಂತೆ. ಬೆಟ್ಟದಲ್ಲಿ ನಮಗಿಂತ ಮುಂಚೆಯೇ ಮಳೆ ಹಿಡಿದು ಅಷ್ಟು ಹೊತ್ತಿಗೆ ಮೂರು ವಾರವಾಗಿತ್ತು. ಕಾಗದದ ಅಂಚಿಗೆಲ್ಲ ಕಂದು ಚುಕ್ಕೆ ಎದ್ದಿದ್ದವು. ಬೇರೆಲ್ಲ ಚಿತ್ರಗಳೂ ಪೆಟ್ಟಿಗೆಯಲ್ಲಿ ಬೆಚ್ಚಗಿದ್ದಾಗ ಅದೊಂದೇ ನನ್ನ ಮಗಳಿಗಾಗಿ ಕಾದಿತ್ತು.

ಸಾಹೇಬರು ನಮ್ಮವರ ಕೈಯಲ್ಲಿ ಮಗುವಿಗೆ ಒಂದು ಜಪಾನಿನ ಮರದ ಗೊಂಬೆ ಕಳಿಸಿದರು. ದುಂಡು ತಲೆ, ಬಣ್ಣದ ಮೈ, ಕೈಯೂ ಇಲ್ಲ, ಕಾಲೂ ಇಲ್ಲ. ಅಲ್ಲಿಯ ಗೊಂಬೆ ಇರುವುದೇ ಹಾಗಂತೆ. "ಕೈಕಾಲಿಲ್ಲದ್ದನ್ನ ಕೂಸಿನ ಕೈಗೆ ಕೊಡ್ತಾರಾ?" ಎಂದು ಅತ್ತೆ ಹಳೆಯ ಸೀರೆಯ ಚೂರಿನಲ್ಲಿ ಎರಡು ಕೈ, ಎರಡು ಕಾಲು ಹೊಲಿದು ಅದಕ್ಕೆ ಕಟ್ಟಿದರು. ಅವರನ್ನು ತಿದ್ದುವುದು ಆ ಮಠದ ಸ್ವಾಮಿಗಳಿಂದಲೂ ಆಗುತ್ತಿರಲಿಲ್ಲ.

ಮಗಳಿಗೆ ಐದು ತುಂಬಿದಾಗ ಮತ್ತೆ ಹೋದೆವು. ಸಾಹೇಬರು ಅತ್ತೆಗೆ ಹಸಿರು ಬಣ್ಣದ ಚಹಾ ಕೊಟ್ಟರು. ಬೆಲ್ಲವಿಲ್ಲದ ಆ ಕಹಿಯನ್ನು ಅತ್ತೆ ಮರ್ಯಾದೆಗೆ ಒಂದು ಗುಟುಕು ಕುಡಿದು, ಉಳಿದದ್ದನ್ನು ಸಾಹೇಬರು ಆ ಕಡೆ ತಿರುಗಿದಾಗ ಕಿಟಕಿಯಿಂದ ಕೆರೆಗೆ ಚೆಲ್ಲಿದರು. ಸಾಹೇಬರು ಸುರುಳಿ ಬಿಚ್ಚಿ ಮಗಳಿಗೆ ತೋರಿಸಿದರು. ಕಾಡಿಗೆಯ ಸುತ್ತ ಹಳದಿ ಪಸೆ ಅಂಗೈಯಗಲ ಹರಡಿತ್ತು. ಅತ್ತೆ ಧೈರ್ಯ ಮಾಡಿ, "ಹಾಳ್ ಮಾಡ್ಬಿಟ್ನಾ ಸ್ವಾಮಿ ನಾನು?" ಎಂದು ಕೇಳಿದರು.

"ಹಾಳೇನೋ ಆಯಿತು ತಾಯಿ" ಎಂದರು ಸಾಹೇಬರು. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು. ಮಗಳ ತಲೆಯ ಮೇಲೆ ಕೈ ಇಟ್ಟು, "ಇವಳು ಬಂದಳಲ್ಲ, ಸಾಕು" ಎಂದರು.

ಸಾಹೇಬರು ತೀರಿಕೊಂಡ ಮೇಲೆ ಅವರ ಕಡೆಯವರು ಬಂದು ಎಲ್ಲವನ್ನೂ ಮೈಸೂರಿಗೆ ಸಾಗಿಸಿದರು. ಕಲೆ ಬಿದ್ದ ಆ ಒಂದು ಸುರುಳಿಯನ್ನು ಬೇಡವೆಂದು ಬಿಟ್ಟುಹೋದರು. ನಮ್ಮವರು ಅದನ್ನು ಎದೆಗೆ ಅವುಚಿಕೊಂಡು ಅಜ್ಜಂಪುರಕ್ಕೆ ಬಂದರು. ನಮ್ಮ ನಡುಮನೆಯಲ್ಲಿ ತೂಗುಹಾಕಿದೆವು. ಇಪ್ಪತ್ತು ದಿನದ ಲೆಕ್ಕವನ್ನು ಆಮೇಲೆ ಯಾರೂ ಇಡಲಿಲ್ಲ.

ಮಗಳನ್ನು ಬೀರೂರಿಗೆ ಕೊಟ್ಟೆವು. ಮದುವೆ ಮುಗಿದು ಅವಳು ಗಂಡನ ಮನೆಗೆ ಹೊರಡುವ ಬೆಳಿಗ್ಗೆ ಅತ್ತೆ ರಂಗೋಲಿ ತಾವೇ ಹಾಕುತ್ತೇನೆ ಎಂದು ಹಟ ಹಿಡಿದರು. ಅವರಿಗೆ ಮೊಣಕಾಲು ಹೋಗಿ ಎಷ್ಟೋ ವರ್ಷವಾಗಿತ್ತು. ಕೂತೇ ಜರುಗುತ್ತಾ ಜರುಗುತ್ತಾ ಹೊಸಿಲ ಮುಂದೆ ಅಗಲವಾಗಿ ಹಾಕಿದರು. ನಾನು ಕಳಶ ಹಿಡಿದು ಹೊರಗೆ ಬಂದವಳು ನೋಡಿದೆ. ಹೊರಗಿನ ಸುತ್ತಿನಲ್ಲಿ, ಬೀದಿಯ ಕಡೆಗೆ, ಒಂದು ಬೆರಳಗಲ ಎಳೆ ಕೂಡಿರಲಿಲ್ಲ.

ವಯಸ್ಸಾಯಿತು, ಕಣ್ಣು ಮಂಜು ಎಂದುಕೊಂಡು ಕಳಶ ಕೆಳಗಿಟ್ಟು ಬಗ್ಗಿ ಚಿಟಿಕೆ ಪುಡಿ ತೆಗೆದುಕೊಂಡೆ. ಅತ್ತೆ ನನ್ನ ಕೈಯ ಮೇಲೆ ಫಟ್ಟನೆ ಹೊಡೆದರು.

"ಮುಟ್ಟಬ್ಯಾಡ ಕಣೇ. ಗೊತ್ತಿದ್ದೇ ಬಿಟ್ಟಿರೋದು. ಅವಳು ಬಂದು ಹೋಗಿ ಮಾಡ್ಬ್ಯಾಡ್ವಾ?"

ನಾನು ಅವರ ಪಕ್ಕದಲ್ಲಿ ಕೂತೆ. ಅಷ್ಟು ವರ್ಷ ಕೇಳದೆ ಇದ್ದದ್ದು ಬಾಯಿಗೆ ಬಂತು. "ಅತ್ತೆ, ಆವತ್ತು, ಆ ಎರಡನೇದು ಹೋದ ದಿನ, ನಾನು ಎಳೆ ಕೂಡಿಸಿರಲಿಲ್ಲ ಅಲ್ವಾ?"

ಅತ್ತೆ ರಂಗೋಲಿ ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಾ ಕೂತರು.

"ಯಾವತ್ತೇ? ನಂಗೇನೂ ನೆಪ್ಪಿಲ್ಲ" ಎಂದರು. ಆಮೇಲೆ ನನ್ನ ಕಡೆ ಕೈ ಚಾಚಿ, "ಕಾಲು ಹಿಡ್ಕೊಂಡೈತೆ, ಎಬ್ಬಿಸು" ಎಂದರು.

ಎಬ್ಬಿಸಿದೆ. ಇಬ್ಬರೂ ಆ ಸಂದಿಯನ್ನು ತುಳಿಯದ ಹಾಗೆ ದಾಟಿಕೊಂಡು ಮಗಳನ್ನು ಕರೆಯಲು ಒಳಗೆ ಹೋದೆವು.